ಕರೆಂಟ್ ಒಲಿಯ ರಿಪೇರಿ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ವಿದ್ಯುತ್ ಇತಿಹಾಸಕ್ಕೆ ಒಂದು ಪ್ರವೇಶ

(ಆನ್‌ಲೈನ್ ವಿಚಾರಗೋಷ್ಠಿಯ ಧ್ವನಿಮುದ್ರಣದಿಂದ ಇಳಿಸಿಕೊಂಡ ಬರಹ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಸಂವಾದದ ಮುಖ್ಯ ಭಾಗವನ್ನು ಕೊನೆಯಲ್ಲಿ ಕೊಡಲಾಗಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂತ ತಿಳಕೊಂಡು ಶುರು ಮಾಡ್ತೀನಿ.

ವಿದ್ಯುತ್ತಿನ ಇತಿಹಾಸ ಅಂದಕೂಡಲೇ ನಾವು ಅಣೆಕಟ್ಟು, ಟರ್ಬೈನು, ಮಂಡಳಿಯ ವಾರ್ಷಿಕ ವರದಿ ಇವುಗಳ ಕಡೆ ಹೋಗ್ತೀವಿ. ಅವು ಬೇಕು. ಆದರೆ ಕರೆಂಟು ಮನೆಯೊಳಗೆ ಬಂದ ಮೇಲೆ ಏನಾಯಿತು ಅನ್ನೋದನ್ನು ಆ ವರದಿಗಳು ಹೇಳೋದಿಲ್ಲ. ಇವತ್ತು ನಾನು ಮಾತಾಡೋದು ಅಡುಗೆಮನೆಯ ಒಂದು ವಸ್ತುವಿನ ಬಗ್ಗೆ, ಅಂದರೆ ಹಳೆಯ ವಿದ್ಯುತ್ ಒಲೆಯ ಬಗ್ಗೆ. ಅದರಲ್ಲೂ ಅದನ್ನು ರಿಪೇರಿ ಮಾಡುವ ಕೆಲಸದ ಬಗ್ಗೆ. ನನ್ನ ವಾದ ಇಷ್ಟು: ಹಳೆಯ ಕರೆಂಟ್ ಒಲೆಯ ಮೇಲೆ ಉಳಿದಿರುವ ರಿಪೇರಿಯ ಗುರುತುಗಳು ಆ ಮನೆಗೆ ಎಂಥ ಕರೆಂಟು ಬರುತ್ತಿತ್ತು ಅನ್ನೋದರ ದಾಖಲೆ. ಗಂಟು ಹಾಕಿದ ಸುರುಳಿ, ಬದಲಾದ ಪಿನ್ನು, ಆಮೇಲೆ ಸೇರಿಸಿದ ಅರ್ಥ್ ವೈರು ಇವನ್ನೆಲ್ಲ ಓದಲು ಕಲಿಯಬೇಕು. ಹೊಳಪು ಬರೋ ಹಾಗೆ ಅವನ್ನು ಅಳಿಸಿ ಹೊಸದು ಮಾಡಿದರೆ ಆ ದಾಖಲೆ ಹೋಗುತ್ತದೆ.

ತಂತ್ರಜ್ಞಾನದ ಇತಿಹಾಸವನ್ನು ಆವಿಷ್ಕಾರದ ಕಡೆಯಿಂದ ನೋಡದೆ ಬಳಕೆ ಮತ್ತು ದುರಸ್ತಿಯ ಕಡೆಯಿಂದ ನೋಡಬೇಕು ಅಂತ ಡೇವಿಡ್ ಎಡ್ಜರ್ಟನ್ ‘ದಿ ಶಾಕ್ ಆಫ್ ದಿ ಓಲ್ಡ್’ ಪುಸ್ತಕದಲ್ಲಿ ವಾದಿಸಿದ್ದಾರೆ. ಡೇವಿಡ್ ಆರ್ನಾಲ್ಡ್ 2013ರ ‘ಎವ್ರಿಡೇ ಟೆಕ್ನಾಲಜಿ’ಯಲ್ಲಿ ಹೊಲಿಗೆ ಯಂತ್ರ, ಸೈಕಲ್ಲು, ಟೈಪ್‌ರೈಟರು, ಅಕ್ಕಿ ಗಿರಣಿ ಇವುಗಳ ಮೂಲಕ ಭಾರತದ ಆಧುನಿಕತೆಯನ್ನು ನೋಡಿದರು. ಕರೆಂಟ್ ಒಲೆ ಅದೇ ಸಾಲಿಗೆ ಸೇರಬೇಕಾದ ವಸ್ತು.

1. ರೇಂಜು ಮತ್ತು ಶೆಗಡಿ

ಮೊದಲು ಹೆಸರು ಬಿಡಿಸಿಕೊಳ್ಳೋಣ. ಅಮೆರಿಕ, ಇಂಗ್ಲೆಂಡಿನಲ್ಲಿ ರೇಂಜು ಅಥವಾ ಕುಕ್ಕರು ಅಂದರೆ ನೆಲದ ಮೇಲೆ ನಿಲ್ಲುವ, ಎನಾಮಲ್ ಬಳಿದ ದೊಡ್ಡ ಪೆಟ್ಟಿಗೆ. ಮೇಲೆ ಮೂರು ನಾಲ್ಕು ಬಿಸಿ ತಟ್ಟೆ, ಕೆಳಗೆ ಓವನ್. 1893ರ ಶಿಕಾಗೋ ವಿಶ್ವಮೇಳದಲ್ಲೇ ವಿದ್ಯುತ್ ಅಡುಗೆಮನೆಯ ಪ್ರದರ್ಶನ ಇತ್ತು. ಆದರೆ ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ತಂತಿ ಸಿಗುವವರೆಗೆ ಅದು ಪ್ರದರ್ಶನವಾಗಿಯೇ ಉಳಿಯಿತು. ಅಂಥ ತಂತಿ ನಿಕ್ರೋಮ್. ನಿಕೆಲ್ ಮತ್ತು ಕ್ರೋಮಿಯಂ ಬೆರೆಸಿದ ಈ ಲೋಹಕ್ಕೆ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ಕಾದಾಗ ಅದರ ಮೇಲೆ ಒಂದು ತೆಳು ಆಕ್ಸೈಡ್ ಪದರ ಕೂಡುತ್ತದೆ. ಆ ಪದರವೇ ಒಳಗಿನ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ.

ನಮ್ಮ ಸೀಮೆಯಲ್ಲಿ ಹರಡಿದ್ದು ರೇಂಜು ಅಲ್ಲ. ಮರಾಠಿಯ ‘ಶೇಗಡಿ’, ನಮ್ಮ ಬಾಯಲ್ಲಿ ಶೆಗಡಿ, ಸಿಗಡಿ, ಕರೆಂಟ್ ಒಲಿ. ತಗಡಿನ ಅಥವಾ ಎರಕದ ಕಬ್ಬಿಣದ ಮೈ, ಅದರೊಳಗೆ ಕಾಲುವೆ ಕೊರೆದ ಪಿಂಗಾಣಿ ಪ್ಲೇಟು, ಆ ಕಾಲುವೆಯೊಳಗೆ ಬಿಚ್ಚಾಗಿ ಕೂತ ನಿಕ್ರೋಮ್ ಸುರುಳಿ. ರೇಂಜಿನ ಒಂದು ತಟ್ಟೆಯನ್ನು ಕಿತ್ತು ನೆಲಕ್ಕೆ ಇಟ್ಟ ಹಾಗೆ. ಹಾಗಾದರೆ ಇಡೀ ರೇಂಜು ಯಾಕೆ ಬರಲಿಲ್ಲ? ಬಡತನ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಅದು ಅರ್ಧ ಉತ್ತರ. ಉಳಿದರ್ಧ ತಂತಿಯಲ್ಲಿ, ಮೀಟರಿನಲ್ಲಿ, ರೊಟ್ಟಿಯಲ್ಲಿ ಇದೆ.

2. ಕರೆಂಟು ಬಂದ ದಾರಿ

ಮೂರೂ ಊರು ಹಳೆಯ ಕೊಲ್ಹಾಪುರ ಸಂಸ್ಥಾನದ ವ್ಯಾಪ್ತಿಯವು. ಗಡಹಿಂಗ್ಲಜ ಸಂಸ್ಥಾನದ ನೇರ ಆಡಳಿತದಲ್ಲಿತ್ತು. ಇಚಲಕರಂಜಿ ಘೋರ್ಪಡೆಯವರ ಜಹಗೀರು. 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಗಡಹಿಂಗ್ಲಜದ ಪೂರ್ವಕ್ಕೆ ಹೋದಂತೆ ಹಳ್ಳಿಗಳಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಂಕೇಶ್ವರ ಮುಟ್ಟಿದರೆ ಬೆಳಗಾವಿ ಜಿಲ್ಲೆ. ಅಲ್ಲಿಂದ ಮುಂದೆ ಗೋಕಾಕದ ಗಿರಣಿ 1887ರಿಂದ ಜಲಪಾತದ ನೀರಿನ ಬಲದಿಂದಲೇ ಓಡಿತು. ಅಂದರೆ ನೀರಿಂದ ಯಂತ್ರ ತಿರುಗಿಸೋದು ಈ ಭಾಗದವರಿಗೆ ಹೊಸ ಸುದ್ದಿ ಆಗಿರಲಿಲ್ಲ.

ಶಾಹೂ ಮಹಾರಾಜರು ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟು ಕಟ್ಟುವ ಕೆಲಸವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೈಗೆತ್ತಿಕೊಂಡರು. ಅದು ಪೂರ್ತಿಯಾಗಿ, ವಿದ್ಯುತ್ ಕೊಡುವ ಹೊತ್ತಿಗೆ 1950ರ ದಶಕ ಬಂದಿತ್ತು. ಆಗ ಅದರ ವಿದ್ಯುತ್ ಸಾಮರ್ಥ್ಯ 4.8 ಮೆಗಾವ್ಯಾಟ್ ಇತ್ತು. ಈ ಅಂಕಿಯನ್ನು ಅಡುಗೆಮನೆಯ ಲೆಕ್ಕಕ್ಕೆ ಇಳಿಸಿ ನೋಡ್ರಿ. 2 ಕಿಲೋವ್ಯಾಟಿನ 2,400 ಶೆಗಡಿಗಳನ್ನು ಒಂದೇ ಹೊತ್ತಿಗೆ ಹಚ್ಚಿದರೆ ಇಡೀ ಕೇಂದ್ರ ಅಲ್ಲಿಗೇ ಮುಗೀತು. ಓವನ್, ತಟ್ಟೆ ಎಲ್ಲ ಸೇರಿ 8 ಕಿಲೋವ್ಯಾಟ್ ಎಳೆಯುವ ರೇಂಜಾದರೆ 600 ಮನೆ ಸಾಕು. ಅಡುಗೆ ಎಲ್ಲರ ಮನೆಯಲ್ಲೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಆಗುವ ಕೆಲಸ. ದೀಪ, ನೀರಿನ ಪಂಪು, ಮಗ್ಗ ಇವುಗಳ ಜೊತೆಗೆ ಒಲೆಯನ್ನೂ ಹೊರುವ ಶಕ್ತಿ ಆ ಕಾಲದ ಪೂರೈಕೆಗೆ ಇರಲಿಲ್ಲ. 1960ರ ಜೂನ್‌ನಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು, 1962ರಿಂದ ಕೊಯ್ನಾದ ವಿದ್ಯುತ್ ಬರತೊಡಗಿತು. ಆಮೇಲೆ ಪ್ರಮಾಣ ಬದಲಾಯಿತು. ಆದರೆ ಆ ಕರೆಂಟಿಗೆ ಕಾದು ಕೂತವರ ಸಾಲಿನಲ್ಲಿ ಅಡುಗೆಮನೆ ಮೊದಲಿನದಲ್ಲ. ಕಬ್ಬಿನ ಗದ್ದೆಯ ಪಂಪು, ಇಚಲಕರಂಜಿಯ ಮಗ್ಗ, ಕೊಲ್ಹಾಪುರದ ಎರಕದ ಕಾರ್ಖಾನೆ ಮುಂದೆ ನಿಂತಿದ್ದವು.

3. ಎರಡು ಮೀಟರು, ಎರಡು ಪ್ಲಗ್ಗು

ಬ್ರಿಟಿಷ್ ಪದ್ಧತಿಯಿಂದ ನಮಗೆ ಬಂದ ವಯರಿಂಗಿನಲ್ಲಿ ದೀಪದ ಸಾಲು ಬೇರೆ, ‘ಪವರ್’ ಸಾಲು ಬೇರೆ. ಸಣ್ಣ ಪ್ಲಗ್ಗು 5 ಆಂಪಿಯರು, ದೊಡ್ಡದು 15. ಈ ಒಂದು ವಿಭಜನೆ ಶೆಗಡಿಯ ಗಾತ್ರವನ್ನೇ ನಿರ್ಧರಿಸಿತು ಅಂತ ನನಗನ್ನಿಸುತ್ತೆ. 230 ವೋಲ್ಟಿನಲ್ಲಿ 1,000 ವ್ಯಾಟಿನ ಸುರುಳಿ ಎಳೆಯೋದು ಸುಮಾರು 4.3 ಆಂಪಿಯರ್. ಅಂದರೆ ಸಣ್ಣ ಪ್ಲಗ್ಗಿನ ಅಂಚಿನೊಳಗೆ ಹೇಗೋ ನಿಲ್ಲುತ್ತದೆ. 2,000 ವ್ಯಾಟಿಗೆ 8.7 ಆಂಪಿಯರ್ ಬೇಕು, ಪವರ್ ಪಾಯಿಂಟ್ ಇಲ್ಲದ ಮನೆಯಲ್ಲಿ ಅದು ನಡೆಯೋದಿಲ್ಲ.

ಹೋಲಿಕೆಗೆ ಗಡಿಯಾಚೆ ನೋಡೋಣ. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂತು. ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ ಕಾಲದಲ್ಲಿ ಮನೆಬಳಕೆಯಲ್ಲಿ ‘ಎ.ಇ.ಎಚ್.’ ಅಂತಲೇ ಒಂದು ವರ್ಗ ಇತ್ತು. ಆಲ್ ಎಲೆಕ್ಟ್ರಿಕ್ ಹೋಮ್, ಅಂದರೆ ದೀಪದ ಜೊತೆಗೆ ಬಿಸಿನೀರು, ಅಡುಗೆಗೂ ಕರೆಂಟು ಬಳಸುವ ಮನೆ. ಬೆಂಗಳೂರು, ಮೈಸೂರಿನ ಹಿರಿಯರಿಗೆ ಈ ಮೂರಕ್ಷರ ಬಿಲ್ಲಿನಿಂದಾಗಿ ಬಾಯಿಪಾಠ. ಪೂರ್ತಿ ವಿದ್ಯುತ್ ಮನೆ ಅನ್ನುವ ಕಲ್ಪನೆಗೆ ದರಪಟ್ಟಿಯಲ್ಲೇ ಒಂದು ಜಾಗ ಇದ್ದದ್ದು ಮುಖ್ಯ. ಒಲೆಯ ಇತಿಹಾಸ ಬರೆಯುವವರು ದರಪಟ್ಟಿಯನ್ನೂ ಓದಬೇಕು.

4. ರಿಪೇರಿ ಬೆಂಚಿನ ಮೇಲೆ

ಈಗ ವಸ್ತುವಿಗೇ ಬರೋಣ. ಹಳೆಯ ಒಲೆ ಒಂದು ಕೈಗೆ ಸಿಕ್ಕಿದೆ ಅಂದುಕೊಳ್ಳಿ. ಪ್ಲಗ್ಗಿಗೆ ಹಾಕಿ ನೋಡೋದು ಕೊನೆಯ ಕೆಲಸ, ಮೊದಲನೆಯದಲ್ಲ.

ಸುರುಳಿಯಿಂದ ಶುರು ಮಾಡೋಣ. 1,000 ವ್ಯಾಟಿನ ಸುರುಳಿಯ ರೋಧ ಸುಮಾರು 53 ಓಮ್. ಅದು ಕಡಿದಾಗ ಅಂಗಡಿಯಲ್ಲಿ ಅಥವಾ ಮನೆಯಲ್ಲೇ ಮಾಡುವ ಕೆಲಸ ನಿಮಗೆ ಗೊತ್ತು: ಸುಟ್ಟ ತುದಿ ಕತ್ತರಿಸಿ, ಎರಡೂ ತುದಿ ಎಳೆದು, ಹೊಸೆದು ಗಂಟು ಹಾಕೋದು. ಹತ್ತರಲ್ಲಿ ಒಂದು ಪಾಲು ತಂತಿ ಹೋಯಿತು ಅನ್ನೋಣ. ರೋಧ 47.6 ಓಮಿಗೆ ಇಳಿಯುತ್ತೆ, ವ್ಯಾಟು 1,110ಕ್ಕೆ ಏರುತ್ತೆ. ಒಲೆ ಮೊದಲಿಗಿಂತ ಚುರುಕು! ಆದರೆ ಉಳಿದ ತಂತಿ ಹೆಚ್ಚು ಕಾಯುತ್ತೆ, ಗಂಟಿನ ಜಾಗದಲ್ಲಿ ಸಂಪರ್ಕ ಸಡಿಲವಾಗಿ ಮತ್ತೂ ಕಾಯುತ್ತೆ, ಅಲ್ಲೇ ಮತ್ತೆ ಕಡಿಯುತ್ತೆ. ಒಂದು ಸುರುಳಿಯಲ್ಲಿ ಮೂರು ಗಂಟು ಕಂಡರೆ ಆ ಮೂರಕ್ಕೂ ಒಂದು ಕ್ರಮ ಇರುತ್ತದೆ.

ಇದಕ್ಕೆ ವೋಲ್ಟೇಜನ್ನು ಸೇರಿಸಿ. ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. ಲೈನಿನ ಕೊನೆಯಲ್ಲಿರುವ ಹಳ್ಳಿಯಲ್ಲಿ, ಎಲ್ಲ ಪಂಪು ಓಡುವ ಹೊತ್ತಿನಲ್ಲಿ, 230ರ ಬದಲು 180 ವೋಲ್ಟ್ ಬಂದರೆ 1,000 ವ್ಯಾಟಿನ ಒಲೆ 612 ವ್ಯಾಟಿನದಾಗುತ್ತದೆ. ಅನ್ನ ಕುದಿಯೋಕೆ ಹಿಡಿಯುವ ಹೊತ್ತು ಒಂದೂವರೆ ಪಟ್ಟಿಗಿಂತ ಹೆಚ್ಚು. ಅಂಥ ಮನೆಗೆ ಗಿಡ್ಡ ಮಾಡಿದ ಸುರುಳಿ ಲಾಭವೇ. ಆದರೆ ಪಂಪು ನಿಂತು ವೋಲ್ಟೇಜು 250ಕ್ಕೆ ಏರಿದಾಗ ಅದೇ ಗಿಡ್ಡ ಸುರುಳಿ 1,300 ವ್ಯಾಟ್ ದಾಟುತ್ತೆ, 5 ಆಂಪಿಯರಿನ ಪ್ಲಗ್ಗಿನ ಮಿತಿಯನ್ನೂ ದಾಟುತ್ತೆ. ಪ್ಲಗ್ಗಿನ ರಂಧ್ರ ಕಂದು ಬಣ್ಣಕ್ಕೆ ತಿರುಗಿ ಕರಗಿದ ಗುರುತು ಹೀಗೇ ಹುಟ್ಟೋದು. ನಾನು ಮೊದಲಿಗೆ ‘ದಾಖಲೆ’ ಅಂದದ್ದು ಇದನ್ನೇ. ಗಂಟು, ಕರಗಿದ ಪ್ಲಗ್ಗು, ಅಳೆದ ಓಮು ಮೂರನ್ನೂ ಒಟ್ಟಿಗೆ ಇಟ್ಟರೆ ಆ ಮನೆ ಲೈನಿನ ಯಾವ ತುದಿಯಲ್ಲಿತ್ತು ಅನ್ನೋದರ ಬಗ್ಗೆ ಒಂದು ಊಹೆಗೆ ಆಧಾರ ಸಿಗುತ್ತದೆ.

ದೊಡ್ಡ ರೇಂಜಾದರೆ ಸ್ವಿಚ್ಚು ಸ್ವಾರಸ್ಯದ್ದು. ಹಳೆಯ ಬ್ರಿಟಿಷ್ ಕುಕ್ಕರುಗಳಲ್ಲಿ ಮೂರು ಬಿಸಿಯ ಸ್ವಿಚ್ಚು ಇರುತ್ತೆ. ಒಂದು ತಟ್ಟೆಯೊಳಗೆ ತಲಾ 1,000 ವ್ಯಾಟಿನ ಎರಡು ಸುರುಳಿ. ಸಾಲಾಗಿ ಜೋಡಿಸಿದರೆ ಒಟ್ಟು 500 ವ್ಯಾಟು, ಅದು ‘ಲೋ’. ಒಂದೇ ಸುರುಳಿ ಹಚ್ಚಿದರೆ 1,000, ಅದು ‘ಮೀಡಿಯಂ’. ಎರಡನ್ನೂ ಸಮಾಂತರ ಜೋಡಿಸಿದರೆ 2,000, ‘ಹೈ’. ದೋಷ ಹುಡುಕೋದು ಇಲ್ಲಿ ತರ್ಕದ ಕೆಲಸ. ‘ಲೋ’ ಸತ್ತಿದೆ, ‘ಮೀಡಿಯಂ’ ನಡೀತಿದೆ, ‘ಹೈ’ನಲ್ಲಿ ಅರ್ಧ ಬಿಸಿ ಅಂದರೆ ಎರಡನೇ ಸುರುಳಿ ಹೋಗಿದೆ. ‘ಮೀಡಿಯಂ’ ಕೂಡ ಸತ್ತು ‘ಹೈ’ ಮಾತ್ರ ಅರ್ಧ ಬಂದರೆ ಹೋಗಿದ್ದು ಮೊದಲನೇದು. ಅಮೆರಿಕದ ರೇಂಜಾದರೆ ತೊಡಕು ಬೇರೆ. ಅದರ ಬಿಸಿ ಸುರುಳಿಗಳು 240 ವೋಲ್ಟಿನವು, ನಮ್ಮಲ್ಲಿ ನಡೆಯುತ್ತವೆ. ಓವನ್ನಿನ ದೀಪ ಮತ್ತು ಗಡಿಯಾರ 120 ವೋಲ್ಟಿನವು. ಗಡಿಯಾರಕ್ಕೆ ಟ್ರಾನ್ಸ್‌ಫಾರ್ಮರ್ ಕೊಟ್ಟರೂ, ಅದು 60 ಆವರ್ತಕ್ಕೆ ಮಾಡಿದ್ದು, ನಮ್ಮದು 50. ಹಾಗಾಗಿ ಒಂದು ತಾಸಿನಲ್ಲಿ ಐವತ್ತು ನಿಮಿಷವನ್ನಷ್ಟೇ ತೋರಿಸುತ್ತೆ.

ಕೊಳವೆಯೊಳಗೆ ಮುಚ್ಚಿದ ಸುರುಳಿಗಳದು ಇನ್ನೊಂದು ಸಮಸ್ಯೆ. ಅದರೊಳಗೆ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ ವರ್ಷಗಟ್ಟಲೆ ಸುಮ್ಮನೆ ಬಿದ್ದಾಗ ತುದಿಯಿಂದ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದ ಕೊಲ್ಹಾಪುರದಲ್ಲಿ ಕೇಳಬೇಕೆ? ಸೀರೀಸ್ ಬಲ್ಬು ಹಚ್ಚಿ ನೋಡಿದರೆ ಸುರುಳಿ ಸರಿ ಇದೆ ಅಂತ ತೋರಿಸುತ್ತೆ, ಮೈಗೆ ಮಾತ್ರ ಕರೆಂಟು ಸೋರುತ್ತಿರುತ್ತೆ. ಅದಕ್ಕೇ 500 ವೋಲ್ಟಿನ ಮೆಗ್ಗರ್ ಹಚ್ಚಿ ಸುರುಳಿಗೂ ಮೈಗೂ ನಡುವಿನ ನಿರೋಧ ಅಳೀಬೇಕು. ಕಡಿಮೆ ಬಂದರೆ ಸುರುಳಿಯನ್ನು ಬಿಚ್ಚಿ, ಹೊರಗಿನಿಂದ ಹದವಾಗಿ ಬಿಸಿ ಕೊಟ್ಟು ಒಣಗಿಸಿ ಮತ್ತೆ ಅಳೀಬೇಕು. ಒಳಗಿನ ಹಳೆ ರಬ್ಬರು, ಬಟ್ಟೆ ಸುತ್ತಿದ ವೈರು ಮುಟ್ಟಿದರೆ ಉದುರುತ್ತೆ. ಅದನ್ನು ಶಾಖ ತಡೆಯುವ ವೈರಿನಿಂದ ಬದಲಾಯಿಸದೆ ಗತಿ ಇಲ್ಲ. ಬಿಳಿ ಹಾಳೆ, ಬಿಳಿ ನಾರು ಕಂಡರೆ ಆಸ್ಬೆಸ್ಟಾಸ್ ಅಂತಲೇ ಹಿಡಿದು ನಡೀಬೇಕು. ಕೆರೆಯಬೇಡಿ, ಊದಬೇಡಿ, ಒಣ ಬ್ರಶ್ಶಿನಿಂದ ಉಜ್ಜಬೇಡಿ. ಅದರ ನಾರು ಶ್ವಾಸಕೋಶದೊಳಗೆ ಹೋದರೆ ಹೊರಗೆ ಬರೋದಿಲ್ಲ.

5. ಕೈಗೆ ಕಸುಬು ಎಲ್ಲಿಂದ ಬಂತು

ಈ ಊರುಗಳಲ್ಲಿ ಒಲೆ ರಿಪೇರಿಯ ಕಸುಬು ಒಲೆಯ ಕಾರ್ಖಾನೆಯಿಂದ ಬಂದದ್ದಲ್ಲ. ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಆಮೇಲೆ ಇಡೀ ಊರೇ ಮಗ್ಗದ ಊರಾಯಿತು. ಸಾವಿರಾರು ಮಗ್ಗ ಅಂದರೆ ಸಾವಿರಾರು ಮೋಟರು, ಮೋಟರು ಅಂದರೆ ವೈಂಡಿಂಗ್ ಅಂಗಡಿ. ತಾಮ್ರದ ಸುರುಳಿ ಸುತ್ತುವವನಿಗೆ ನಿಕ್ರೋಮ್ ಸುರುಳಿ ದೊಡ್ಡ ಮಾತಲ್ಲ. ಕೊಲ್ಹಾಪುರದಲ್ಲಿ ಶಿವಾಜಿ ಉದ್ಯಮನಗರದ ಲೇತು, ಎರಕದ ಭಟ್ಟಿ, ಆಯಿಲ್ ಎಂಜಿನ್ನಿನ ಪರಂಪರೆ. ಇದೇ ಊರಿನಲ್ಲಿ ಬಾಬುರಾವ್ ಪೇಂಟರ್ ಸಿನಿಮಾ ಕ್ಯಾಮೆರಾವನ್ನೇ ಕೈಯಿಂದ ತಯಾರಿಸಿ 1920ರಲ್ಲಿ ‘ಸೈರಂಧ್ರಿ’ ತೆಗೆದರು. ಆಮದಾದ ಯಂತ್ರ ಬಿಚ್ಚಿ, ನೋಡಿ, ಮತ್ತೊಂದು ಮಾಡುವ ಮೇಸ್ತ್ರಿಗಳ ಊರು ಅದು. ಗಡಹಿಂಗ್ಲಜದಂಥ ಸಂತೆಪೇಟೆಯಲ್ಲಿ ಕಬ್ಬಿನ ಪಂಪಿನ ವೈಂಡಿಂಗ್ ಮುಖ್ಯ ದುಡಿಮೆ. ಶೆಗಡಿ, ಇಸ್ತ್ರಿಪೆಟ್ಟಿಗೆ ಅದರ ನಡುವೆ ಬಂದು ಹೋಗುವ ಸಣ್ಣ ಕೆಲಸ. ಹೀಗಾಗಿ ಒಂದೇ ಬಗೆಯ ಒಲೆಗೆ ಮೂರು ಊರಿನಲ್ಲಿ ಮೂರು ಬಗೆಯ ಕೈ ಬಿದ್ದಿರಬಹುದು. ಎರಕದಲ್ಲಿ ಹೊಸ ಕಾಲು ಮಾಡಿ ಕೂಡಿಸಿದ್ದು ಒಂದು ಕಡೆಯದು, ಪಂಪಿನ ಟರ್ಮಿನಲ್ ಹಾಕಿದ್ದು ಇನ್ನೊಂದು ಕಡೆಯದು.

6. ಒಲೆ ಮುಂದೆ ಕೂತವರು

ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಬರೆದು, ಮನೆಯ ಯಂತ್ರಗಳು ಹೆಂಗಸರ ಕೆಲಸ ಕಡಿಮೆ ಮಾಡಿದವು ಅನ್ನೋ ನಂಬಿಕೆಯನ್ನೇ ಪ್ರಶ್ನಿಸಿದರು. ನಮ್ಮಲ್ಲಿ ಆ ಪ್ರಶ್ನೆ ರೊಟ್ಟಿಯಿಂದ ಶುರುವಾಗಬೇಕು. ಜೋಳದ ರೊಟ್ಟಿ ಹೆಂಚಿನ ಮೇಲೆ ಬೆಂದ ಮೇಲೆ ಕೆಂಡದ ಎದುರು ಉಬ್ಬಬೇಕು. ಬಿಚ್ಚು ಸುರುಳಿಯ ಮೇಲೆ ಅದನ್ನು ಇಡೋಕೆ ಆಗೋದಿಲ್ಲ. ಮುಚ್ಚಿದ ತಟ್ಟೆಗೆ ತಳ ಚಪ್ಪಟೆ ಇರುವ ಪಾತ್ರೆ ಬೇಕು, ನಮ್ಮ ಗುಂಡು ತಳದ ಪಾತ್ರೆಗೆ ಬಿಸಿ ಹತ್ತೋದಿಲ್ಲ. ಓವನ್ನಿನಲ್ಲಿ ಬೇಯಿಸುವ ಪದಾರ್ಥ ನಮ್ಮ ದಿನದ ಊಟದಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಶೆಗಡಿ ಚಹಾ, ಹಾಲು, ಅನ್ನ, ಬಿಸಿನೀರಿಗೆ ನಿಂತಿತು. ರೊಟ್ಟಿಗೆ ಕಟ್ಟಿಗೆ ಒಲೆ ಉಳಿಯಿತು. ಒಂದರ ಜಾಗಕ್ಕೆ ಮತ್ತೊಂದು ಬರಲಿಲ್ಲ. ಕಟ್ಟಿಗೆ, ಕುಳ್ಳು, ಚಿಮಣಿ ಎಣ್ಣಿ ಸ್ಟೋವು, ಶೆಗಡಿ ಎಲ್ಲ ಒಂದೇ ಮನೆಯಲ್ಲಿ ಒಟ್ಟಿಗೆ ಬಾಳಿದವು.

ಅಪಾಯವನ್ನೂ ಹೊತ್ತವರು ಇವರೇ. ಹಾಲು ಉಕ್ಕಿ ಬಿಚ್ಚು ಸುರುಳಿಯ ಮೇಲೆ ಬಿದ್ದರೆ, ಅಥವಾ ಲೋಹದ ಪಾತ್ರೆ ಸುರುಳಿಗೆ ತಾಗಿದರೆ, ಸೌಟು ಹಿಡಿದ ಕೈಗೆ ಶಾಕು. ಕಾಲ ಕೆಳಗೆ ಮಣೆ ಹಾಕಿಕೊಳ್ಳೋದು, ಸ್ವಿಚ್ಚು ಆರಿಸಿ ಆಮೇಲೆ ಕೈಯಾಡಿಸೋದು ಇವು ಯಾವ ಕಂಪನಿಯೂ ಕಲಿಸದ ಪಾಠಗಳು. ಎರಡು ಪಿನ್ನಿನ ವೈರು ತೆಗೆದು ಮೂರು ಪಿನ್ನು ಹಾಕಿದ ರಿಪೇರಿಯ ಹಿಂದೆ ಬಹಳ ಸಲ ಇಂಥ ಒಂದು ಶಾಕು ಇರುತ್ತೆ. ವಿದ್ಯುತ್ ಒಲೆಗೆ ಐಎಸ್ 2994 ಅನ್ನುವ ಭಾರತೀಯ ಮಾನಕ ಇದೆ. ಮಾನಕ ಕಾಗದದಲ್ಲಿ ಹೇಳಿದ್ದನ್ನು ಮನೆಯಲ್ಲಿ ಮಾಡಿಸಿದ್ದು ರಿಪೇರಿಯವರು ಮತ್ತು ಶಾಕು ತಿಂದವರು.

7. ಈಗ ಏನು ಮಾಡಬೇಕು

ಗ್ಯಾಸು ಬಂತು, ಆಮೇಲೆ ಇಂಡಕ್ಷನ್ ಬಂತು. ಇಂಡಕ್ಷನ್ ಕೆಟ್ಟರೆ ಬೋರ್ಡು ಬದಲಿಸಬೇಕು, ಗಂಟು ಹಾಕಿ ಮುಂದುವರಿಸೋಕೆ ಅಲ್ಲಿ ಜಾಗ ಇಲ್ಲ. ಹಳೆ ಶೆಗಡಿಗಳು ಭಂಗಾರಕ್ಕೆ ತೂಕದ ಲೆಕ್ಕದಲ್ಲಿ ಹೋಗ್ತಿವೆ. ಅವನ್ನು ಕಟ್ಟಿ ಬೆಳೆಸಿದ ಕೈಗಳಿಗೂ ವಯಸ್ಸಾಗ್ತಿದೆ.

ವಿಭಾಗದ ಸಂಗ್ರಹಕ್ಕೆ ಒಂದು ಒಲೆ ಬಂದರೆ ನನ್ನ ಸಲಹೆ ಹೀಗೆ. ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಚಿತ್ರ ತೆಗೀರಿ. ಸುರುಳಿಯ ಓಮು, ಗಂಟಿನ ಸಂಖ್ಯೆ, ಪಿನ್ನಿನ ಬಗೆ, ಮೈಮೇಲಿನ ಅಚ್ಚು ಇವನ್ನು ಬರೆದಿಡಿ. ತೆಗೆದ ತುಂಡುಗಳನ್ನು ಚೀಟಿ ಅಂಟಿಸಿ ಅದರ ಜೊತೆಗೇ ಇಡಿ. ಆಸ್ಬೆಸ್ಟಾಸ್ ಇದ್ದರೆ ಮುಚ್ಚಿಟ್ಟು ತಿಳಿದವರಿಗೆ ಒಪ್ಪಿಸಿ. ಅದನ್ನು ಉರಿಸಿ ತೋರಿಸಲೇಬೇಕು ಅಂತಿದ್ದರೆ ಹೊಸ ವೈರು, ಅರ್ಥ್, ಸರಿಯಾದ ಫ್ಯೂಸು ಕಡ್ಡಾಯ. ಉರಿಸದಿದ್ದರೆ ಹಳೆ ಗಂಟನ್ನು ಹಾಗೇ ಬಿಡಿ. ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ.

ಸಂವಾದ

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಗಂಟು ನೋಡಿ ವೋಲ್ಟೇಜು ಹೇಳಬಹುದು ಅಂದ್ರಿ. ಹಾಲು ಉಕ್ಕಿದ್ದಕ್ಕೂ ಸುರುಳಿ ಕಡೀಬಹುದಲ್ರೀ?

ಉತ್ತರ: ಖಂಡಿತ ಕಡಿಯುತ್ತೆ. ಉಪ್ಪು, ಸಕ್ಕರೆ ಬಿದ್ದರೂ ಆಕ್ಸೈಡ್ ಪದರ ಹಾಳಾಗುತ್ತೆ. ಅದಕ್ಕೇ ಗಂಟೊಂದನ್ನೇ ಸಾಕ್ಷಿ ಅಂತ ಹಿಡೀಬಾರದು. ಉಕ್ಕಿದ್ದರೆ ಪಿಂಗಾಣಿಯ ಆ ಜಾಗದಲ್ಲಿ ಕರೆ ಇರುತ್ತೆ, ಸಾಮಾನ್ಯವಾಗಿ ಪ್ಲಗ್ಗು ಕರಗಿರೋದಿಲ್ಲ. ಎರಡನ್ನೂ ಕೂಡಿಸಿ ಓದಿ, ಆಮೇಲೆ ಮನೆಯವರನ್ನು ಕೇಳಿ.

ಒಬ್ಬ ಅಧ್ಯಾಪಕರು: ನೀವು ಪೂರೈಕೆಗೆ ಒತ್ತು ಕೊಟ್ರಿ. ಜಾತಿ, ವರ್ಗದ ಮಾತು ಕಡಿಮೆ ಆಯ್ತು ಅನ್ನಿಸ್ತು. ಪವರ್ ಪಾಯಿಂಟು ಯಾರ ಮನೆಯಲ್ಲಿತ್ತು?

ಉತ್ತರ: ಸರಿಯಾದ ಮಾತು ಸರ್. 15 ಆಂಪಿಯರಿನ ಪಾಯಿಂಟು ಅಂದರೆ ಪಕ್ಕಾ ಮನೆ, ಪ್ರತ್ಯೇಕ ಅಡುಗೆಮನೆ, ಬಿಲ್ಲು ಕಟ್ಟುವ ಸಂಬಳ. ಮಗ್ಗದ ಕಾರ್ಮಿಕನ ಒಂದು ಕೋಣೆಯ ಮನೆಯಲ್ಲಿ ಒಂದೇ ಬಲ್ಬಿನ ಹೋಲ್ಡರು ಇದ್ದಾಗ ಶೆಗಡಿಯ ಪ್ರಶ್ನೆಯೇ ಬೇರೆ. ಮನೆಮನೆಯ ವಯರಿಂಗ್ ನಕ್ಷೆ ತೆಗೆಯೋದು ಈ ಕೆಲಸದ ಮುಂದಿನ ಹೆಜ್ಜೆ ಆಗಬೇಕು.

ಸಂಶೋಧನಾ ವಿದ್ಯಾರ್ಥಿ: ಕನ್ನಡ, ಮರಾಠಿ ಎರಡರಲ್ಲೂ ಸಂದರ್ಶನ ಮಾಡುವಾಗ ಪದಗಳ ತೊಡಕು ಬರುತ್ತಾ?

ಉತ್ತರ: ತೊಡಕಿಗಿಂತ ಉಪಕಾರವೇ ಜಾಸ್ತಿ. ಶೆಗಡಿ ಅಂದವರು ಮೊದಲು ಇದ್ದಿಲ ಒಲೆಯನ್ನೂ ಅದೇ ಹೆಸರಲ್ಲಿ ಕರೀತಿದ್ದರು. ಕರೆಂಟ್ ಒಲಿ ಅಂದವರ ಮನಸ್ಸಿನಲ್ಲಿ ಕಟ್ಟಿಗೆ ಒಲೆ ಇದೆ. ಯಾರು ಯಾವ ಹೆಸರು ಹಿಡಿದ್ರು ಅನ್ನೋದನ್ನು ಅವರ ಬಾಯಿಯ ಮಾತಿನಲ್ಲೇ ಬರೆದುಕೊಳ್ಳಿ, ಶಿಷ್ಟ ಕನ್ನಡಕ್ಕೆ ತಿದ್ದಬೇಡಿ.